ಬೆಳೆದವರ ಕಲಿಕೆಯೂ ನಗೆಯೂ: ವಿಜಯಪುರ ಸೀಮೆಯ ಒಂದು ಇತಿಹಾಸ ಚಿಂತನೆ



ವಿಜಯಪುರದ ಗೋಳಗುಮ್ಮಟವನ್ನು ಒಮ್ಮೆಯಾದರೂ ಏರದವರು ನಿಮ್ಮಲ್ಲಿ ವಿರಳ. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹನ ಸಮಾಧಿಯ ಮೇಲೆ ನಿಂತಿರುವ ಆ ಗುಮ್ಮಟದ ಹೊರವ್ಯಾಸವು ಸುಮಾರು 44 ಮೀಟರು. ಅದರ ಒಳಗಿನ ಸುತ್ತುಮೊಗಸಾಲೆಯಲ್ಲಿ ಒಂದು ಬದಿಗೆ ನಿಂತು ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವನಿಗೆ ಸ್ಪಷ್ಟವಾಗಿ ಕೇಳುವುದು. ಅಲ್ಲಿ ನಕ್ಕರೆ ನಗೆಯು ಮತ್ತೆ ಮತ್ತೆ ಮರಳಿ ಬರುವುದು. ಏಳು ಸಲ ಬರುವುದೆಂದು ನಮ್ಮ ಜನ ಎಣಿಸಿ ಹೇಳುವರು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಬಂದ ಹಳ್ಳಿಯ ಹಿರಿಯರು ಮೆಟ್ಟಿಲು ಏರಿ ದಣಿದು, ಅಲ್ಲಿ ಒಮ್ಮೆ ಕೂಗಿ, ಮರಳಿ ಬಂದ ತಮ್ಮ ದನಿಯನ್ನು ಕೇಳಿ ಮಕ್ಕಳಂತೆ ನಗುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ಅಲ್ಲಿ ಕೇಳಿಬರುವ ನಗೆ ಯಾರನ್ನೂ ನೋಯಿಸದು. ಯಾವನ ನಗೆ ಯಾವುದೆಂದು ಗುರುತಿಸಲೂ ಬಾರದು.

ಅಂಥ ನಗೆಗೂ ವಿದ್ಯೆಗೂ ಇರುವ ಸಂಬಂಧವೇ ಈ ತಿಂಗಳ ನಮ್ಮ ಚಿಂತನೆಯ ವಿಷಯ. ಮಕ್ಕಳ ವಿದ್ಯೆಯ ಮಾತನ್ನು ನಾವಿಲ್ಲಿ ಎತ್ತುವುದಿಲ್ಲ. ಮೀಸೆ ಬಂದ ಮೇಲೆ, ಮಕ್ಕಳಾದ ಮೇಲೆ, ತಲೆ ನರೆತ ಮೇಲೆ ಕಲಿಯಲು ಕುಳಿತವರ ಕಲಿಕೆ, ಅವರಿಗೆ ಕಲಿಸುವವನ ಬಾಯಿಂದ ಬರುವ ನಗೆಯ ಮಾತು, ಇವೆರಡರ ಇತಿಹಾಸವನ್ನು ನಮ್ಮ ಸೀಮೆಯ ಮಟ್ಟಿಗೆ ನೋಡೋಣ. ಇದು ಹಗುರ ವಿಷಯವೆಂದು ಯಾರೂ ತಿಳಿಯಬಾರದು. ಒಂದು ನಗೆಯಿಂದ ಒಬ್ಬ ಮನುಷ್ಯನ ವಿದ್ಯೆ ಆರಂಭವಾದುದೂ ಉಂಟು, ಒಂದು ನಗೆಯಿಂದ ಅದು ನಿಂತುಹೋದುದೂ ಉಂಟು. ಎರಡನೆಯದಕ್ಕೆ ಈ ಲೇಖನ ಬರೆಯುತ್ತಿರುವ ನಾವೇ ಒಮ್ಮೆ ಕಾರಣರಾಗಿದ್ದೆವು. ಆ ಮಾತನ್ನು ಮುಂದೆ ಹೇಳುವೆವು.

ನಗುವವರ ಮುಂದೆ ಎಡವಿದಂತೆ

ಮಗುವು ತಪ್ಪಿದರೆ ತಾಯಿ ನಗುವಳು, ಮಗುವೂ ನಗುವುದು. ಬೆಳೆದವನು ತಪ್ಪಿದರೆ ಹಾಗಾಗುವುದಿಲ್ಲ. ನಗುವವರ ಮುಂದೆ ಎಡವಿ ಬಿದ್ದ ಹಾಗೆ ಎಂಬ ನಮ್ಮ ಗಾದೆಯಲ್ಲಿ ವಯಸ್ಕನ ಭಯವೆಲ್ಲ ಅಡಗಿದೆ. ಅವನು ಮನೆಯಲ್ಲಿ ಯಜಮಾನ, ಹೊಲದಲ್ಲಿ ಬಲ್ಲವ, ಪಂಚಾಯಿತಿಯಲ್ಲಿ ನಾಲ್ಕು ಮಾತು ಆಡುವವ. ಯಾವ ಮೋಡ ಸುರಿಯುವುದು, ಯಾವ ಎರೆಹೊಲಕ್ಕೆ ಯಾವ ಬಿಳಿಜೋಳ ಒಗ್ಗುವುದು ಎಂಬುದನ್ನು ಪದವೀಧರರಿಗೆ ಹೇಳಿಕೊಡಬಲ್ಲವ. ಅಂಥವನು ಪಾಟಿ ಹಿಡಿದು ಕುಳಿತ ಕ್ಷಣದಲ್ಲಿ ತನ್ನ ಮೊಮ್ಮಗನಿಗಿಂತ ಕಿರಿಯನಾಗುವನು. ಬಳಪ ಹಿಡಿದ ಅವನ ಬೆರಳುಗಳು ಬಿಗಿಯುವವು. ಅಕ್ಷರ ಕಠಿಣವೆಂದು ಅವು ಬಿಗಿಯುವುದಿಲ್ಲ, ನೋಡುವವರಿದ್ದಾರೆಂದು ಬಿಗಿಯುವವು.

ಆದುದರಿಂದ ವಯಸ್ಕರಿಗೆ ಕಲಿಸುವವನ ಮೊದಲ ಕೆಲಸ ಅಕ್ಷರ ತೋರಿಸುವುದಲ್ಲ, ಆ ಬಿಗಿತವನ್ನು ಸಡಿಲಿಸುವುದು. ಅದಕ್ಕೆ ನಗೆಯಂಥ ಔಷಧಿ ಬೇರೊಂದಿಲ್ಲ. ಆದರೆ ಪ್ರಮಾಣ ತಪ್ಪಿದರೆ ಔಷಧಿಯೂ ವಿಷವಾಗುವುದೆಂಬುದನ್ನು ವೈದ್ಯರು ಮರೆಯುವುದಿಲ್ಲ. ಶಿಕ್ಷಕರು ಮಾತ್ರ ಮರೆಯುವರು.

ಶರಣರ ಗೋಷ್ಠಿಯಲ್ಲಿ

ಹನ್ನೆರಡನೆಯ ಶತಮಾನದ ಶರಣರ ಅನುಭವಗೋಷ್ಠಿಯನ್ನು ನಾವು ಧರ್ಮಸಭೆಯೆಂದು ಗೌರವಿಸುತ್ತೇವೆ. ಅದನ್ನು ವಯಸ್ಕರ ವಿದ್ಯಾಲಯವೆಂದು ಕಾಣುವ ಅಭ್ಯಾಸ ನಮಗಿನ್ನೂ ಸಾಲದು. ಅಲ್ಲಿಗೆ ಬಂದವರು ಯಾರು? ದೋಣಿ ನಡೆಸುವ ಅಂಬಿಗ, ಬಟ್ಟೆ ಒಗೆಯುವ ಮಡಿವಾಳ, ಹಗ್ಗ ಹೊಸೆಯುವವ, ಕಟ್ಟಿಗೆ ಮಾರುವವ, ಬಿದ್ದ ಅಕ್ಕಿಯನ್ನು ಆಯುವವ. ಎಲ್ಲರೂ ಹಗಲೆಲ್ಲ ದುಡಿದು ಬಂದವರು. ಬಹುಮಂದಿ ಆ ಕಾಲದ ಪಾಠಶಾಲೆಯ ಹೊಸ್ತಿಲನ್ನು ತುಳಿಯಗೊಡದ ಕುಲಗಳಲ್ಲಿ ಹುಟ್ಟಿದವರು. ಅವರಿಗೆ ಶಾಸ್ತ್ರದ ಭಾಷೆಯಲ್ಲಿ ಬೋಧಿಸಿದ್ದರೆ ಮೂರನೆಯ ದಿನ ಯಾರೂ ಬರುತ್ತಿರಲಿಲ್ಲ. ಶರಣರು ಅವರವರ ಕಾಯಕದ ಭಾಷೆಯನ್ನೇ ತತ್ತ್ವಕ್ಕೆ ಬಳಸಿದರು. ಆ ಭಾಷೆಯೊಡನೆ ಸಂತೆಯ, ಕಟ್ಟೆಯ, ಹೊಳೆದಂಡೆಯ ನಗೆಯೂ ಒಳಗೆ ಬಂದಿತು.

ಅಂಬಿಗರ ಚೌಡಯ್ಯನವರನ್ನೇ ನೋಡಿರಿ. ಉಳಿದ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಇವರು ತಮ್ಮ ಹೆಸರನ್ನೇ, ಅದೂ ಕಾಯಕದ ಹೆಸರಿನೊಡನೆ, ಅಂಕಿತವಾಗಿ ಇಟ್ಟರು. ಅವರ ಮಾತಿನ ಹರಿತಕ್ಕೆ ಸಿಕ್ಕವರು ಯಾರು ಎಂಬುದನ್ನು ಗಮನಿಸಬೇಕು. ಡಂಭಾಚಾರಿಗಳು, ವೇಷಧಾರಿಗಳು, ಕುಲದ ಗರ್ವವುಳ್ಳವರು. ಕಲಿಯಲು ಬಂದ ಬಡವನ ಅಜ್ಞಾನವು ಅವರ ನಗೆಗೆ ಗುರಿಯಾಗಲಿಲ್ಲ. ಬಲ್ಲೆನೆಂಬುವನ ಅಹಂಕಾರವು ಗುರಿಯಾಯಿತು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಿಮಗೆಲ್ಲ ಗೊತ್ತಿರುವುದೇ. ಬಸವಣ್ಣನವರ ಮನೆಯಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಕಳಿಸಿದರು. ಗಂಡನಿಗೆ ಕಲಿಸುವ ಹೆಂಡತಿ, ಹೆಂಡತಿಯಿಂದ ಕಲಿಯುವ ಗಂಡ! ಅವರ ಸಂವಾದದಲ್ಲಿ ಒಂದು ಮೆಲುವಾದ ಚುಚ್ಚು ಇದೆ. ಆದರೆ ಅದು ಮನೆಯೊಳಗೆ, ಇಬ್ಬರ ನಡುವೆ ಆಡಿದ ಮಾತು. ಊರ ಮುಂದೆ ಆಡಿದ್ದರೆ ಅದೇ ಮಾತು ಅವಮಾನವಾಗುತ್ತಿತ್ತು.

ಇನ್ನು ಅಲ್ಲಮಪ್ರಭುದೇವರು. ಅವರು ಸೊನ್ನಲಿಗೆಗೆ ಬಂದು, ಕೆರೆ ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮಯ್ಯನವರನ್ನು ‘ಒಡ್ಡ’ನೆಂದು ಕರೆದರೆಂದೂ, ಅದನ್ನು ಕೇಳಿದ ಕೆಲಸಗಾರರು ಸಿಟ್ಟಾಗಿ ಕಲ್ಲೆಸೆದರೆಂದೂ ಶೂನ್ಯಸಂಪಾದನೆಯು ಹೇಳುವುದು. ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ಆ ಗ್ರಂಥವು ಹಿಂದಿನ ಘಟನೆಗಳ ದಿನಚರಿಯಲ್ಲ. ಪರಂಪರೆಯು ಅವನ್ನು ಹೇಗೆ ನೆನಪಿಟ್ಟಿತೆಂಬುದಕ್ಕೆ ಅದು ಸಾಕ್ಷಿ. ಆ ನೆನಪಿನಲ್ಲಿ ಒಂದು ಸೂಕ್ಷ್ಮವಿದೆ. ಪ್ರಭುದೇವರ ಪರಿಹಾಸವು ಯಾರಿಗೆ ಉದ್ದಿಷ್ಟವಾಗಿತ್ತೋ ಆ ಸಿದ್ಧರಾಮಯ್ಯನವರು ಕೊನೆಗೆ ಅದನ್ನು ಅರಗಿಸಿಕೊಂಡು ಕಲ್ಯಾಣಕ್ಕೆ ಬಂದರು. ಆದರೆ ದಾರಿಯಲ್ಲಿ ಕಲ್ಲು ತೂರಿದವರು ಯಾರು? ಮಣ್ಣು ಹೊರುತ್ತಿದ್ದ ಬಡವರು. ದುಡಿಮೆಯ ಹೆಸರನ್ನೇ ಬೈಗುಳದಂತೆ ಬಳಸಿದರೆಂದು ಅವರಿಗೆ ನೋವಾಯಿತು. ಪ್ರಭುವಿನಂಥ ಗುರುವಿನ ಚಾಟಿ ಮಾತಿಗೂ ಕಲ್ಲಿನ ಉತ್ತರ ಬಂದಿತೆಂದ ಮೇಲೆ, ಸಾಮಾನ್ಯ ಗುರುಗಳು ಅದನ್ನು ಅನುಕರಿಸುವ ಮೊದಲು ನೂರು ಸಲ ಯೋಚಿಸಬೇಕು. ಪರಿಹಾಸದಿಂದ ಎಚ್ಚರಿಸುವ ಅಧಿಕಾರವು ಸಮಾನರ ನಡುವಣದು. ಸಿದ್ಧರಾಮಯ್ಯನವರು ಪ್ರಭುದೇವರಿಗೆ ಎದುರು ನಿಂತು ವಾದಿಸಬಲ್ಲವರಾಗಿದ್ದರು. ಪಾಟಿ ಹಿಡಿದ ಮುದುಕನು ಹಾಗಿರಲಾರನು.

ಬೀಸುಕಲ್ಲು ಮತ್ತು ಬಯಲಾಟ

ಈಗ ಶತಮಾನಗಳನ್ನು ದಾಟಿ ಆದಿಲ್‌ಶಾಹಿ ಕಾಲದ ವಿಜಯಪುರಕ್ಕೆ ಬರೋಣ. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಈ ನಗರದ ಸೂಫಿ ಸಂತರು ದಖನಿ ಭಾಷೆಯಲ್ಲಿ ‘ಚಕ್ಕಿನಾಮ’, ‘ಚರಖಾನಾಮ’ಗಳೆಂಬ ಹಾಡುಗಳನ್ನು ರಚಿಸಿದರು. ಬೀಸುವಾಗ, ನೂಲುವಾಗ ಹೆಂಗಸರು ಹಾಡಿಕೊಳ್ಳಲೆಂದು ಕಟ್ಟಿದ ಹಾಡುಗಳು ಅವು. ಬೀಸುಕಲ್ಲಿನ ಗೂಟವನ್ನು ಅಲಿಫ್ ಎಂಬ ಅಕ್ಷರಕ್ಕೆ ಹೋಲಿಸಿ, ಕೈಗೆ ಸಿಕ್ಕ ವಸ್ತುವಿನಿಂದಲೇ ಅಕ್ಷರವನ್ನೂ ತತ್ತ್ವವನ್ನೂ ಒಟ್ಟಿಗೆ ಹೇಳಿದ ಕ್ರಮ ಅದು. ಇತಿಹಾಸಕಾರ ರಿಚರ್ಡ್ ಈಟನ್ ಅವರು 1978ರಲ್ಲಿ ಪ್ರಕಟಿಸಿದ ವಿಜಯಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ಈ ಹಾಡುಗಳ ಮಹತ್ವವನ್ನು ವಿವರಿಸಿದ್ದಾರೆ. ಇವು ನಗಿಸುವ ಹಾಡುಗಳೆಂದು ನಾವು ಹೇಳುವುದಿಲ್ಲ. ಆದರೆ ಕಲಿಯುವವಳನ್ನು ಅವಳ ಕೆಲಸದ ಸ್ಥಳದಿಂದ ಎಬ್ಬಿಸದೆ, ಆಟದಂತೆ ಕಲಿಸುವ ಆ ಹಗುರತನವು ನಗೆಗೆ ಒಡಹುಟ್ಟು.

ಕನ್ನಡದ ಬೀಸುಕಲ್ಲು ಇದಕ್ಕೂ ಹಳೆಯದು. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮೊದಲಾದವರು, ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ಹೊರತಂದರು. ಶಾಲೆ ಕಾಣದ ಹೆಂಗಸರು ತವರು, ಗಂಡನ ಮನೆ, ಅತ್ತೆ, ನಾದಿನಿ, ದೇವರು ಎಲ್ಲವನ್ನೂ ಮೂರು ಸಾಲಿನಲ್ಲಿ ಹಿಡಿದು, ಅಳುವಲ್ಲಿ ಅತ್ತು, ಕೀಟಲೆ ಮಾಡುವಲ್ಲಿ ಕೀಟಲೆ ಮಾಡಿ, ಹೊಸದಾಗಿ ಬಂದ ಸೊಸೆಗೆ ಬಾಳುವೆ ಕಲಿಸಿದರು. ಆ ಕಲಿಕೆಗೆ ಗಂಟೆಯಿರಲಿಲ್ಲ, ಪರೀಕ್ಷೆಯಿರಲಿಲ್ಲ. ನಸುಕಿನ ಕತ್ತಲೆಯಲ್ಲಿ ಕಲ್ಲಿನ ಸದ್ದಿನೊಡನೆ ನಗೆಯೂ ಕೇಳುತ್ತಿತ್ತು.

ಗಂಡಸರಿಗೆ ಬಯಲಾಟವಿದ್ದಿತು. ನಮ್ಮ ಕಡೆಯ ದೊಡ್ಡಾಟದಲ್ಲಿ ಸಾರಥಿ ಎಂಬ ಪಾತ್ರವಿರುವುದನ್ನು ನೀವು ನೋಡಿದ್ದೀರಿ. ಕಿರೀಟ ಧರಿಸಿದ ರಾಜನು ಆರ್ಭಟಿಸುತ್ತ ರಂಗಕ್ಕೆ ಬಂದರೆ ಸಾರಥಿಯು ಹೆದರದೆ, ನೀನು ಯಾರು, ಯಾವ ಊರು, ಏಕೆ ಬಂದೆ ಎಂದು ಕೇಳುವನು. ಉತ್ತರ ತಿಳಿಯದಿದ್ದರೆ ಮತ್ತೆ ಕೇಳುವನು. ತಪ್ಪಾಗಿ ಕೇಳಿಸಿಕೊಂಡವನಂತೆ ನಟಿಸಿ ಸಭೆಯನ್ನು ನಗಿಸುವನು. ಈ ಪಾತ್ರದ ಜಾಣ್ಮೆಯನ್ನು ಶಿಕ್ಷಕರು ಅಭ್ಯಾಸ ಮಾಡಬೇಕು. ಕುಳಿತ ಸಾವಿರ ಜನರಲ್ಲಿ ಕಥೆ ತಿಳಿಯದವರು ಎಷ್ಟೋ ಮಂದಿ ಇರುವರು. ಎದ್ದು ಕೇಳಲು ಅವರಿಗೆ ಸಂಕೋಚ. ಸಾರಥಿಯು ಅವರೆಲ್ಲರ ಅಜ್ಞಾನವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಪ್ರಶ್ನೆ ಕೇಳುವನು. ನಗೆಯು ಅವನ ಮೇಲೆ ಬೀಳುವುದು. ತಿಳಿವಳಿಕೆಯು ಸಭೆಗೆ ಸಲ್ಲುವುದು. ವಯಸ್ಕರ ಶಿಕ್ಷಕನು ರಾಜನ ಪಾತ್ರವನ್ನು ಬಯಸದೆ ಸಾರಥಿಯ ಪಾತ್ರವನ್ನು ಒಪ್ಪಿಕೊಳ್ಳಬೇಕೆಂಬುದು ಇದರಿಂದ ನಾವು ಕಲಿತ ಪಾಠ.

ಸಾಕ್ಷರತೆಯ ಆಂದೋಲನ

ಆಧುನಿಕ ಕಾಲದಲ್ಲಿ ವಯಸ್ಕರ ಶಿಕ್ಷಣವು ಸಂಘಟಿತ ಕಾರ್ಯವಾಯಿತು. ಯುರೋಪಿನ ಡೆನ್ಮಾರ್ಕಿನಲ್ಲಿ ಗ್ರುಂಟ್ವಿಗ್ ಎಂಬ ಧರ್ಮಗುರುವಿನ ವಿಚಾರದಿಂದ 1844ರಲ್ಲಿ ರೈತ ತರುಣರ ಜನತಾ ಪಾಠಶಾಲೆ ಹುಟ್ಟಿತು. ಪರೀಕ್ಷೆಗಿಂತ ಹಾಡು, ಕಥೆ ಮತ್ತು ಬಾಯಿಮಾತಿಗೆ ಅಲ್ಲಿ ಹೆಚ್ಚು ಬೆಲೆ. ಅದೇ ಮಾದರಿಯನ್ನು ನೋಡಿ ಹಳೆಯ ಮೈಸೂರು ಸೀಮೆಯಲ್ಲಿ ಗ್ರಾಮೀಣ ತರುಣರಿಗಾಗಿ ವಿದ್ಯಾಪೀಠಗಳು ಆರಂಭವಾದವು. ಒಬ್ಬ ಧರ್ಮಗುರುವು ಒಕ್ಕಲಿಗರ ಮಕ್ಕಳಿಗೆ ಕಥೆ ಹೇಳಿ ಕಲಿಸಬೇಕೆಂದುದು ಪುರಾಣ ಪ್ರವಚನಗಳಲ್ಲಿ ಬೆಳೆದ ನಮ್ಮ ಮಠಗಳಿಗೆ ಹೊಸದೆನಿಸಲಾರದು.

ಭಾರತ ಸರ್ಕಾರವು 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿ, 15ರಿಂದ 35 ವರ್ಷದೊಳಗಿನ ಹತ್ತು ಕೋಟಿ ಜನರನ್ನು ತಲುಪುವ ಗುರಿಯನ್ನು ಇಟ್ಟುಕೊಂಡಿತು. 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಹುಟ್ಟಿತು. 1990ರ ಫೆಬ್ರವರಿಯಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾದ ಮೇಲೆ, ಸಂಬಳವಿಲ್ಲದ ಸ್ವಯಂಸೇವಕರಿಂದ ನಡೆಯುವ ಆಂದೋಲನಗಳು ಬೇರೆ ಬೇರೆ ಜಿಲ್ಲೆಗಳಲ್ಲಿ ಎದ್ದವು. ತೊಂಬತ್ತರ ದಶಕದ ಆದಿಭಾಗದಲ್ಲಿ ನಮ್ಮ ವಿಜಾಪುರ ಜಿಲ್ಲೆಗೂ ಆ ಅಲೆ ಬಂದಿತು. ಆಗ ಬಾಗಲಕೋಟೆ ಬೇರೆ ಜಿಲ್ಲೆಯಾಗಿರಲಿಲ್ಲ. ಅದು ಬೇರ್ಪಟ್ಟುದು 1997ರಲ್ಲಿ. ಜಿಲ್ಲೆಗೆ ವಿಜಯಪುರವೆಂಬ ಹೆಸರು ಅಧಿಕೃತವಾಗಿ ಮರಳಿದುದು 2014ರ ನವೆಂಬರ್ 1ರಂದು. ಈಗ ತಾಲೂಕುಗಳಾಗಿರುವ ತಿಕೋಟಾ, ಬಬಲೇಶ್ವರಗಳು ಆಗ ವಿಜಾಪುರ ತಾಲೂಕಿಗೆ ಸೇರಿದ ಊರುಗಳು.

ಆ ಆಂದೋಲನವು ಹಳ್ಳಿಗೆ ಮೊದಲು ಪುಸ್ತಕವನ್ನು ಕಳಿಸಲಿಲ್ಲ, ನಾಟಕವನ್ನು ಕಳಿಸಿತು. ಕಲಾಜಾಥಾದ ತರುಣರು ಡಪ್ಪು ಬಾರಿಸುತ್ತ ಬಂದು ಚಾವಡಿಯ ಮುಂದೆ ಆಡುತ್ತಿದ್ದರು. ಓದಲು ಬಾರದ ರೈತನಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಾಹುಕಾರ, ಬಸ್ಸಿನ ಫಲಕ ಓದಲಾರದೆ ಬೇರೆ ಊರಿಗೆ ಹೋಗಿ ಇಳಿದ ಮುದುಕ, ಬಂದ ಕಾಗದವನ್ನು ಓದಿಸಲು ಮನೆಮನೆ ಅಲೆದು ಗುಟ್ಟನ್ನೆಲ್ಲ ಊರಿಗೆ ಹಂಚಿದ ತಾಯಿ. ಜನರು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಆ ನಾಟಕಗಳಲ್ಲಿ ನಗೆಗೀಡಾದವನು ಮೋಸ ಮಾಡುವ ಸಾಹುಕಾರ. ಮೋಸಹೋದ ರೈತನನ್ನು ನೋಡಿ ನಕ್ಕವರು ತಮ್ಮನ್ನು ತಾವೇ ನೋಡಿ ನಕ್ಕರು. ಎಲ್ಲರೂ ಒಟ್ಟಿಗೆ ನಕ್ಕುದರಿಂದ ಯಾರೊಬ್ಬನಿಗೂ ಅವಮಾನವೆನಿಸಲಿಲ್ಲ. ಮರುದಿನ ಹೆಸರು ಬರೆಸಲು ಬಂದವರಲ್ಲಿ ಎಷ್ಟೋ ಜನ ಆ ನಾಟಕದ ಮಾತನ್ನೇ ಆಡಿಕೊಳ್ಳುತ್ತ ಬಂದರು.

ನಮ್ಮ ತಪ್ಪು

ನಾವು ಆಗ ಇಪ್ಪತ್ತು ದಾಟಿದ ತರುಣರು. ಮಠದ ಪ್ರಸಾದ ನಿಲಯದಲ್ಲಿದ್ದು ಕಾಲೇಜಿನಲ್ಲಿ ಓದುತ್ತಿದ್ದೆವು. ಬೇಸಿಗೆ ರಜೆಯಲ್ಲಿ ಬಬಲೇಶ್ವರದ ಕಡೆಯ ಒಂದು ಹಳ್ಳಿಗೆ ಸ್ವಯಂಸೇವಕರಾಗಿ ಹೋದೆವು. ಹನುಮಪ್ಪನ ಗುಡಿಯ ಕಟ್ಟೆ, ಒಂದು ಕಂದೀಲು, ಹದಿನೈದು ಇಪ್ಪತ್ತು ಪಾಟಿಗಳು. ಜಂಗಮರ ಹುಡುಗನೆಂದು ಊರವರು ನಮ್ಮನ್ನು ‘ಅಯ್ಯಾರ’ ಎಂದು ಗೌರವದಿಂದ ಕರೆಯುತ್ತಿದ್ದರು. ಆ ಗೌರವವು ನಮ್ಮ ತಲೆಗೆ ಏರಿತ್ತೆಂದು ಈಗ ತಿಳಿಯುತ್ತದೆ.

ಕಲಿಯುವವರಲ್ಲಿ ಅರವತ್ತು ಮೀರಿದ ಒಬ್ಬ ಒಕ್ಕಲಿಗ ಹಿರಿಯರಿದ್ದರು. ಆಂದೋಲನದ ಲೆಕ್ಕದ ಪ್ರಕಾರ 35 ವರ್ಷ ದಾಟಿದವರು ಪಟ್ಟಿಗೆ ಸೇರುವವರಲ್ಲ. ಆದರೂ ಸಹಿ ಮಾಡುವಷ್ಟಾದರೂ ಕಲಿಯಬೇಕೆಂಬ ಆಸೆಯಿಂದ ಎಲ್ಲರಿಗಿಂತ ಮೊದಲು ಬಂದು ಕೂಡುತ್ತಿದ್ದರು. ಒಂದು ರಾತ್ರಿ ಅವರ ಪಾಟಿಯ ಮೇಲಿನ ಸಾಲು ಮೇಲಿನಿಂದ ಕೆಳಕ್ಕೆ ಜಾರಿತ್ತು. ನಾವು ಪಾಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿ, ‘ಅಜ್ಜಾ, ನಿಮ್ಮ ಎತ್ತು ಇದಕ್ಕಿಂತ ನೆಟ್ಟಗ ಸಾಲ ಹೊಡಿತಾವ’ ಎಂದೆವು. ಕಟ್ಟೆಯೆಲ್ಲ ನಕ್ಕಿತು. ಹಿರಿಯರೂ ನಕ್ಕರು. ನಮ್ಮ ಹಾಸ್ಯವು ಫಲಿಸಿತೆಂದು ನಾವು ಹಿಗ್ಗಿದೆವು. ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವರೊಡನೆ ಬರುತ್ತಿದ್ದ ಇಬ್ಬರು ನೆರೆಯವರೂ ಬರಲಿಲ್ಲ.

ನಾವು ಹೊಲಕ್ಕೆ ಹೋದೆವು. ಹಿರಿಯರು ರಂಟೆ ಹೊಡೆಯುತ್ತಿದ್ದರು. ಎತ್ತು ನಿಲ್ಲಿಸಿ, ನಮಗೆ ಕೈಮುಗಿದು, ಬೇವಿನ ನೆರಳಿನಲ್ಲಿ ಕೂಡಿಸಿ ನೀರು ಕೊಟ್ಟರು. ಬರದಿರಲು ಕಾರಣ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: ‘ಅಯ್ಯಾರ, ನೀವು ಅಂದದ್ದೇನ ಸುಳ್ಳಲ್ಲ ಬಿಡ್ರಿ. ಆದ್ರ ನನ್ನ ಎತ್ತಿಗಿ ಮಂದ್ಯಾಗ ಇಲ್ಲೀತನಕ ಯಾರೂ ನಕ್ಕಿಲ್ರಿ.’

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಏನು ಮಾಡುವುದೆಂದು ತೋಚದೆ, ರಂಟೆಯನ್ನು ನಮ್ಮ ಕೈಗೆ ಕೊಡಿರೆಂದು ಕೇಳಿದೆವು. ಹಿರಿಯರು ಬೇಡವೆಂದರು, ನಾವು ಬಿಡಲಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಮೇಳಿ ಕೈಯಿಂದ ಜಾರಿತು, ಎತ್ತುಗಳು ಬದುವಿನ ಕಡೆಗೆ ಹೊರಳಿದವು. ಹಿಂದಿರುಗಿ ನೋಡಿದರೆ ಸಾಲು ಹಾವು ಹರಿದಂತಿತ್ತು. ಹಿರಿಯರು ಆ ಸಾಲನ್ನು ನೋಡಿದರು, ನಮ್ಮನ್ನು ನೋಡಿದರು, ಮೆಲ್ಲಗೆ ಕೇಳಿದರು: ‘ಅಯ್ಯಾರ, ಇದು ಯಾವ ಅಕ್ಷರರಿ?’

ಇಬ್ಬರೂ ನಕ್ಕೆವು. ಆ ರಾತ್ರಿ ಅವರು ಬಂದರು. ಪಾಠಕ್ಕೆ ಮೊದಲು ನಾವೇ ಎದ್ದು ನಿಂತು ನಮ್ಮ ರಂಟೆಯ ಕಥೆಯನ್ನು ಎಲ್ಲರಿಗೂ ಹೇಳಿದೆವು. ಕಟ್ಟೆಯು ಮೊದಲಿಗಿಂತ ಹೆಚ್ಚಾಗಿ ನಕ್ಕಿತು. ಆದರೆ ಈ ನಗೆಯ ಬಣ್ಣವೇ ಬೇರೆ. ಅಂದಿನಿಂದ ಯಾರ ಸಾಲು ಸೊಟ್ಟಾದರೂ ‘ಇದು ಅಯ್ಯಾರ ಸಾಲ’ ಎಂಬ ಮಾತು ರೂಢಿಗೆ ಬಂದಿತು. ತಪ್ಪಿಗೆ ನಮ್ಮ ಹೆಸರು ಬಿದ್ದಿತು. ತಪ್ಪುವ ಭಯವು ಅವರಿಂದ ದೂರವಾಯಿತು. ಆ ಇಬ್ಬರು ನೆರೆಯವರಲ್ಲಿ ಒಬ್ಬರು ಮಾತ್ರ ಮರಳಿದರು. ಇನ್ನೊಬ್ಬರು ಕೊನೆಯವರೆಗೂ ಬರಲಿಲ್ಲ. ಅವರ ಅಕ್ಷರದ ಋಣ ಇಂದಿಗೂ ನಮ್ಮ ಮೇಲಿದೆ.

ಹೆಸರು ಹೇಳದವರ ನಗೆ

ಅದೇ ಊರಿನಲ್ಲಿ ಹೆಂಗಸರ ವರ್ಗವು ಮಧ್ಯಾಹ್ನ ನಡೆಯುತ್ತಿತ್ತು. ಏಳನೆಯ ಇಯತ್ತೆ ಓದಿದ ಊರಿನ ಒಬ್ಬ ಹುಡುಗಿ ಕಲಿಸುತ್ತಿದ್ದಳು. ಪುಸ್ತಕದ ಕ್ರಮದಂತೆ ತಮ್ಮ ಹೆಸರು ಬರೆದಾದ ಮೇಲೆ ಗಂಡನ ಹೆಸರು ಬರೆಯಬೇಕು. ವರ್ಗವೆಲ್ಲ ಸ್ತಬ್ಧವಾಯಿತು. ಗಂಡನ ಹೆಸರನ್ನು ಬಾಯಲ್ಲಿ ಆಡುವ ರೂಢಿ ನಮ್ಮ ಕಡೆಯ ಹಿರಿಯ ಹೆಂಗಸರಲ್ಲಿ ಇರಲಿಲ್ಲ; ಮದುವೆ ಮುಂಜಿಗಳಲ್ಲಿ ಒತ್ತಾಯ ಮಾಡಿದರೆ ಒಡಪು ಕಟ್ಟಿ, ಸುತ್ತಿ ಬಳಸಿ ಹೇಳುವರು. ಒಬ್ಬ ತಾಯಿಯಂತೂ ಪಾಠದಲ್ಲಿ ಬಂದ ‘ಕಲ್ಲು’ ಎಂಬ ಪದವನ್ನೂ ಓದದೆ, ‘ಅದೇ, ಗ್ವಾಡಿಗಿ ಇಡತಾರಲ್ಲ, ಅದು’ ಎನ್ನುತ್ತಿದ್ದಳು. ಅವಳ ಗಂಡನ ಹೆಸರಿನಲ್ಲಿ ಕಲ್ಲು ಇದ್ದಿತು!

ಆ ಹುಡುಗಿ ಬೈಯಲಿಲ್ಲ, ಇದು ಮೂಢನಂಬಿಕೆಯೆಂದು ಉಪನ್ಯಾಸ ಮಾಡಲಿಲ್ಲ. ‘ಬಾಯಿಲೆ ಅನ್ನಬ್ಯಾಡ್ರಿ ದೊಡ್ಡವ್ವ, ಕೈಲೆ ಬರೀರಿ. ಬರದ್ರ ಹೆಸರ ಹೇಳಿದಂಗ ಆಗೂದಿಲ್ಲ’ ಎಂದಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅನ್ನಲಾರದ ಹೆಸರನ್ನು ಬರೆಯಬಹುದೆಂಬುದು ಅವರಿಗೆ ಒಂದು ಗುಟ್ಟಿನ ಸ್ವಾತಂತ್ರ್ಯದಂತೆ ಕಂಡಿತು. ವಾರದೊಳಗೆ ಪ್ರತಿಯೊಬ್ಬಳೂ ಆ ಹೆಸರನ್ನು ಕಲಿತಳು. ಅಳಿಸಿ ಬರೆದು, ಬರೆದು ಅಳಿಸಿ ಕಲಿತಳು. ದೊಡ್ಡ ದೊಡ್ಡ ಶಿಕ್ಷಣಶಾಸ್ತ್ರಿಗಳ ಗ್ರಂಥಗಳನ್ನು ವಿಶ್ವವಿದ್ಯಾಲಯದಲ್ಲಿ ನಾವು ಮುಂದೆ ಓದಿದೆವು. ಆ ಹುಡುಗಿಯ ಒಂದು ಮಾತಿನಲ್ಲಿದ್ದಷ್ಟು ಬೋಧನಕೌಶಲವನ್ನು ಅಲ್ಲಿ ಅಪರೂಪವಾಗಿ ಕಂಡೆವು. ರೂಢಿಯನ್ನು ಹೀಗಳೆಯದೆ ಅದರಲ್ಲಿಯೇ ಒಂದು ಬಾಗಿಲನ್ನು ಅವಳು ತೆರೆದಳು.

ಪ್ರವಚನದ ಮೆಲುನಗೆ

ತಿಕೋಟಾ ಭಾಗದ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು, 2023ರ ಜನವರಿ 2ರಂದು ದೇಹವನ್ನು ಬಿಟ್ಟ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಗಳನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ನಸುಕಿನಲ್ಲಿ ಬಯಲಿನಲ್ಲಿ ಕುಳಿತ ಸಾವಿರಾರು ಜನರಲ್ಲಿ ಒಕ್ಕಲಿಗರೂ ಪ್ರಾಧ್ಯಾಪಕರೂ ವರ್ತಕರೂ ಇರುತ್ತಿದ್ದರು. ಎಲ್ಲರೂ ಬೆಳೆದವರು, ಎಲ್ಲರೂ ವಿದ್ಯಾರ್ಥಿಗಳು. ಉಪನಿಷತ್ತಿನ ಗಹನ ವಿಷಯದ ನಡುವೆ ಅವರು ಮನೆ, ಹೊಲ, ಸಂತೆಗಳಿಂದ ಒಂದು ಸಣ್ಣ ಪ್ರಸಂಗವನ್ನು ತೆಗೆದು, ದನಿ ಏರಿಸದೆ ಹೇಳುವರು. ಸಭೆಯಲ್ಲಿ ಮೆಲುನಗೆ ಹರಡುವುದು. ನಕ್ಕವನಿಗೆ ಒಂದು ಕ್ಷಣದ ಮೇಲೆ ಹೊಳೆಯುವುದು: ಇದು ನನ್ನ ಕಥೆಯೇ ಅಲ್ಲವೇ? ಹಾಗೆ ಹೊಳೆದಾಗ ಅವನಿಗೆ ನಾಚಿಕೆಯಾಗುತ್ತಿರಲಿಲ್ಲ, ಏಕೆಂದರೆ ಬೇರೆ ಯಾರೂ ಅವನತ್ತ ಬೆರಳು ತೋರಿರಲಿಲ್ಲ. ಜೇಬಿಲ್ಲದ ಅಂಗಿ ತೊಟ್ಟ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ವಿನಯದಿಂದ ಮರಳಿಸಿದ ಆ ಸಂತರಲ್ಲಿ ತೋರಿಸಿಕೊಳ್ಳುವ ಹಂಬಲವಿರಲಿಲ್ಲ. ಆದುದರಿಂದಲೇ ಅವರ ನಗೆಯಲ್ಲಿ ಮುಳ್ಳಿರಲಿಲ್ಲ. ನಗಿಸುವವನ ಅಹಂಕಾರವು ಎಷ್ಟು ಕಡಿಮೆಯೋ ನಗೆಯು ಅಷ್ಟು ನಿರ್ಮಲ.

ಇಂದಿನ ನಮ್ಮ ಹೊಣೆ

ಈ ಇತಿಹಾಸವು ಮುಗಿದ ಕಥೆಯಲ್ಲ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 67ರಷ್ಟು. ಹೆಣ್ಣುಮಕ್ಕಳಲ್ಲಿ ಅದು ಶೇಕಡಾ 57ರ ಆಸುಪಾಸು. 2009ರಲ್ಲಿ ಆರಂಭವಾದ ಸಾಕ್ಷರ ಭಾರತ ಕಾರ್ಯಕ್ರಮವು 2018ರಲ್ಲಿ ಮುಕ್ತಾಯವಾಯಿತು. 2022ರಿಂದ ನವಭಾರತ ಸಾಕ್ಷರತಾ ಕಾರ್ಯಕ್ರಮವೆಂಬ ಹೊಸ ಪ್ರಯತ್ನ ಬಂದಿದೆ. ಅಲ್ಲದೆ ಅಕ್ಷರ ಬಲ್ಲವರಿಗೂ ಹೊಸ ನಿರಕ್ಷರತೆಯೊಂದು ಬಂದೊದಗಿದೆ. ಮೊಬೈಲಿನಲ್ಲಿ ಹಣ ಕಳಿಸುವುದು, ಬ್ಯಾಂಕಿನ ಯಂತ್ರದಿಂದ ಹಣ ತೆಗೆಯುವುದು, ಪಹಣಿಯನ್ನು ಕಂಪ್ಯೂಟರಿನಲ್ಲಿ ಪಡೆಯುವುದು, ಇವೆಲ್ಲ ನಮ್ಮ ಹಿರಿಯರಿಗೆ ಮತ್ತೊಂದು ಪಾಟಿ, ಮತ್ತೊಂದು ಬಳಪ.

ಮಠದಲ್ಲಿ ಓದಿ ಹೋದ ನೀವು ಇಂದು ಶಿಕ್ಷಕರಾಗಿದ್ದೀರಿ, ಬ್ಯಾಂಕಿನಲ್ಲಿದ್ದೀರಿ, ಕಚೇರಿಗಳಲ್ಲಿದ್ದೀರಿ. ನಿಮ್ಮ ಮೇಜಿನ ಎದುರು ದಿನಕ್ಕೊಬ್ಬ ಹಿರಿಯನು ಕಾಗದ ಹಿಡಿದು ನಿಲ್ಲುವನು. ಅವನು ಸಹಿಯ ಜಾಗದಲ್ಲಿ ಬೇರೇನೋ ಬರೆದಿರುವನು. ಹಿಂದೆ ಸಾಲಿನಲ್ಲಿ ನಿಂತವರು ಕೇಳುವಂತೆ ಒಂದು ಚಟಾಕಿ ಹಾರಿಸುವುದು ಸುಲಭ. ಎಲ್ಲರೂ ನಗುವರು, ಅವನೂ ನಗುವನು. ಆಗ ನಮ್ಮ ಆ ಹಿರಿಯರ ಮಾತನ್ನು ನೆನೆಯಿರಿ. ಬೆಳೆದ ಮನುಷ್ಯನು ತನ್ನ ಮೇಲಿನ ನಗೆಗೆ ತಾನೂ ನಗುವುದು ಒಪ್ಪಿಗೆಯ ಗುರುತಲ್ಲ. ಅದು ಅವನು ಹೊದ್ದುಕೊಂಡ ಕಂಬಳಿ. ಹಾಸ್ಯವು ಸರಿಯಾಗಿತ್ತೋ ಇಲ್ಲವೋ ಎಂಬುದು ನಗೆ ಎದ್ದ ರಾತ್ರಿ ತಿಳಿಯದು. ಮರುದಿನ ಅವನು ಬಂದನೋ ಇಲ್ಲವೋ ಎಂಬುದರಿಂದ ತಿಳಿಯುವುದು.

ಮನೆಗಳಲ್ಲಿಯೂ ಇದೇ ಎಚ್ಚರ ಬೇಕು. ಮೊಬೈಲಿನ ಗುಂಡಿ ತಪ್ಪಿ ಒತ್ತಿದ ಅಜ್ಜಿಯನ್ನು ನೋಡಿ ಮೊಮ್ಮಕ್ಕಳು ನಗುವರು. ನಗಬೇಡಿರೆಂದು ಮಕ್ಕಳನ್ನು ಗದರುವುದು ಬೇಡ. ತಾವು ಮೊದಲು ತಪ್ಪಿದ ಕಥೆಯನ್ನು ಅಜ್ಜಿಗೆ ಹೇಳಲು ಕಲಿಸಿರಿ. ಆಮೇಲೆ ಅಜ್ಜಿಯ ಕೈಯಿಂದ ಒಂದು ರೊಟ್ಟಿ ಬಡಿಯುವುದನ್ನು ಕಲಿಯಲು ಹೇಳಿರಿ. ಹಿಟ್ಟು ಮೈಯೆಲ್ಲ ಆಗಿ, ರೊಟ್ಟಿ ಹರಿದಾಗ ಅಜ್ಜಿ ನಗುವಳು. ಅಲ್ಲಿಗೆ ಲೆಕ್ಕ ಸರಿಹೋಗುವುದು. ಇಬ್ಬರ ಕಲಿಕೆಯೂ ನಿರ್ಭಯವಾಗಿ ಸಾಗುವುದು.

ಆ ಹಳ್ಳಿಯ ಹಿರಿಯರು ಕೊನೆಗೆ ಸಹಿ ಕಲಿತರು. ತಮ್ಮ ಹೆಸರಿನ ಕೊನೆಯ ಅಕ್ಷರವನ್ನು ಅವರು ಯಾವಾಗಲೂ ಸ್ವಲ್ಪ ಕೆಳಗಿಳಿಸಿಯೇ ಬರೆಯುತ್ತಿದ್ದರು. ನೆಟ್ಟಗೆ ಬರೆಯಲು ಬರುತ್ತಿದ್ದರೂ ಹಾಗೇಕೆ ಬರೆಯುತ್ತೀರೆಂದು ನಾವು ಮುಂದೊಮ್ಮೆ ಕೇಳಿದಾಗ, ಅದು ನಿಮ್ಮ ನೆನಪಿಗೆ ಎಂದರು.

ಕಲಿಯುವವರೆಲ್ಲರಿಗೆ ನಿರ್ಭಯವೂ ಕಲಿಸುವವರೆಲ್ಲರಿಗೆ ವಿನಯವೂ ಲಭಿಸಲೆಂದು ಹಾರೈಸಿ ಈ ಮಾತುಗಳನ್ನು ಮುಗಿಸುವೆವು. ಶರಣು ಶರಣಾರ್ಥಿ.